ಅಣಬೆಯ ಹಾಸು ಮತ್ತು ಬೇರಿನ ಶಿಲೀಂಧ್ರ: ಹೋವರ್ಡರ ಗೊಬ್ಬರಸಿದ್ಧಾಂತದ ಒಂದು ವಿಮರ್ಶೆ

೧

ಅಣಬೆಯ ಕೊಯ್ಲು ಮುಗಿದ ಮೇಲೆ ಉಳಿಯುವ ಹುಲ್ಲಿನ ಹಾಸನ್ನು ಹೊಲಕ್ಕೆ ಹಾಕಿದರೆ ಬೆಳೆಗಳ ಬೇರಿನಲ್ಲಿ ನೆಲೆಸುವ ಉಪಕಾರಿ ಶಿಲೀಂಧ್ರಗಳು ವೃದ್ಧಿಹೊಂದುವುವೆಂಬ ಮಾತು ಈಚೆಗೆ ನಮ್ಮ ಭಾಗದ ರೈತರ ಕಿವಿಗೂ ಬಿದ್ದಿದೆ. ಈ ಮಾತನ್ನು ಹೇಳುವವರು ಸಾಮಾನ್ಯವಾಗಿ ಸರ್ ಆಲ್ಬರ್ಟ್ ಹೋವರ್ಡರ ಹೆಸರನ್ನು ಪ್ರಮಾಣವಾಗಿ ಮುಂದಿಡುವರು. ೧೯೪೦ರಲ್ಲಿ ಪ್ರಕಟವಾದ ಅವರ ‘ಆ್ಯನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್’ ಎಂಬ ಗ್ರಂಥವು ಗೊಬ್ಬರಕ್ಕೂ ಬೇರಿನ ಶಿಲೀಂಧ್ರಕ್ಕೂ ಇರುವ ಸಂಬಂಧವನ್ನು ಕೃಷಿಯ ಮೂಲತತ್ತ್ವವೆಂದು ಸಾರಿದ ಗ್ರಂಥ. ಆ ವಾದವು ಎಷ್ಟರಮಟ್ಟಿಗೆ ನಿಲ್ಲುತ್ತದೆ, ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗಗಳ ನೆಲಕ್ಕೆ ಅದನ್ನು ಅನ್ವಯಿಸುವಾಗ ಯಾವ ಎಚ್ಚರ ಬೇಕು ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ಗೊಬ್ಬರದ ವಿಷಯದಲ್ಲಿ ಏನು ಅಧಿಕಾರವೆಂದು ಯಾರಾದರೂ ಕೇಳಬಹುದು. ಸಸ್ಯಶಾಸ್ತ್ರದಲ್ಲಿ ನನಗೆ ಅಧಿಕಾರವಿಲ್ಲವೆಂಬುದು ನಿಜ. ಆದರೆ ಹೋವರ್ಡರ ಗ್ರಂಥವು ಅರ್ಧ ವಿಜ್ಞಾನ, ಅರ್ಧ ಇತಿಹಾಸ. ರೋಮ್ ಸಾಮ್ರಾಜ್ಯದ ಪತನವನ್ನೂ ಪೌರಸ್ತ್ಯ ದೇಶಗಳ ಬೇಸಾಯದ ದೀರ್ಘಾಯುಷ್ಯವನ್ನೂ ಅದು ಸಾಕ್ಷ್ಯವಾಗಿ ಕರೆಯುತ್ತದೆ. ಸಾಕ್ಷ್ಯವನ್ನು ತೂಗಿ ನೋಡುವುದು ಇತಿಹಾಸಕಾರನ ಕೆಲಸವೇ ಆಗಿರುವುದರಿಂದ ಈ ಪ್ರಯತ್ನಕ್ಕೆ ಕೈಹಾಕಿದ್ದೇನೆ.

೨

ಮೊದಲು ಗ್ರಂಥಕರ್ತರ ಪರಿಚಯ ಅವಶ್ಯ. ಹೋವರ್ಡರು ೧೯೦೫ರಲ್ಲಿ ಬಿಹಾರದ ಪೂಸಾ ಸಂಶೋಧನಾ ಸಂಸ್ಥೆಗೆ ಸಸ್ಯಶಾಸ್ತ್ರಜ್ಞರಾಗಿ ಬಂದರು. ೧೯೨೪ರಿಂದ ೧೯೩೧ರ ವರೆಗೆ ಇಂದೂರಿನ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಅವರ ಪತ್ನಿ ಗೇಬ್ರಿಯಲ್ ಹೋವರ್ಡರೂ ಸ್ವತಃ ಸಸ್ಯವಿಜ್ಞಾನಿ; ಅವರು ೧೯೩೦ರಲ್ಲಿ ತೀರಿಕೊಂಡರು. ೧೯೩೧ರಲ್ಲಿ ಬಂದ ‘ದಿ ವೇಸ್ಟ್ ಪ್ರಾಡಕ್ಟ್ಸ್ ಆಫ್ ಅಗ್ರಿಕಲ್ಚರ್’ ಎಂಬ ಗ್ರಂಥದ ಮೇಲೆ ಹೋವರ್ಡರ ಜೊತೆಗೆ ಯಶವಂತ ವಾಡ್ ಎಂಬ ಭಾರತೀಯ ವಿಜ್ಞಾನಿಯ ಹೆಸರೂ ಇದೆ. ‘ಇಂದೂರು ಪದ್ಧತಿ’ಯ ಕೀರ್ತಿಯು ಇಂದು ಒಬ್ಬರ ತಲೆಗೆ ಮಾತ್ರ ಕಿರೀಟವಾಗಿರುವಾಗ ಈ ಸಂಗತಿಯನ್ನು ನೆನೆಯಬೇಕಾದುದು ನ್ಯಾಯ.

ಇಂದೂರಿನ ನೆಲ ಕರಿಯ ಎರೆಭೂಮಿ. ಹೋವರ್ಡರ ಕಾಲದಲ್ಲಿ ಅಲ್ಲಿಯ ಮುಖ್ಯ ಬೆಳೆಗಳಲ್ಲಿ ಹತ್ತಿಯೂ ಒಂದಾಗಿತ್ತು. ಈ ಎರಡು ವಿಷಯಗಳಲ್ಲಿ ಬೈಲಹೊಂಗಲದ ರೈತನು ಆ ಗ್ರಂಥದಲ್ಲಿ ತನ್ನ ಹೊಲವನ್ನೇ ಕಾಣಬಲ್ಲನು. ಇಂದೂರು ಪದ್ಧತಿಯ ತಿರುಳು ಸರಳವಾಗಿದೆ. ಬೆಳೆಯ ಉಳಿಕೆ, ದನದ ಸಗಣಿ, ಗಂಜಳ ಹೀರಿದ ಮಣ್ಣು ಮತ್ತು ಕಟ್ಟಿಗೆಯ ಬೂದಿ, ಇವನ್ನು ಪದರ ಪದರವಾಗಿ ಒಟ್ಟಿ, ನೀರು ಚಿಮುಕಿಸಿ, ಕೆಲವು ಸಲ ಮಗುಚಿದರೆ ಸುಮಾರು ೯೦ ದಿನಗಳಲ್ಲಿ ಕಳಿತ ಗೊಬ್ಬರ ಸಿದ್ಧವಾಗುವುದು. ಈ ರಾಶಿಯಲ್ಲಿ ಮೊದಲು ಶಿಲೀಂಧ್ರಗಳೂ ಅನಂತರ ಬ್ಯಾಕ್ಟೀರಿಯಗಳೂ ಕೆಲಸಮಾಡುವುದನ್ನು ಹೋವರ್ಡರು ಗಮನಿಸಿದ್ದರು. ಕೊಳೆಯುವಿಕೆಯನ್ನು ಕಸದ ನಾಶವೆಂದು ತಿಳಿಯದೆ ಒಂದು ಜೀವಕ್ರಿಯೆಯೆಂದು ಕಂಡುದು ಅವರ ದೊಡ್ಡ ಗುಣ. ಭಾರತದ ರೈತನನ್ನು ತಾವು ತಿದ್ದಲು ಬಂದ ಶಿಷ್ಯನೆಂದು ಭಾವಿಸದೆ ತಮ್ಮ ಗುರುವೆಂದು ಒಪ್ಪಿಕೊಂಡುದು ಅದಕ್ಕಿಂತ ದೊಡ್ಡ ಗುಣ.

ಇಂಗ್ಲೆಂಡಿಗೆ ಮರಳಿದ ಮೇಲೆ ಅವರ ವಾದ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಡಾರ್ಸೆಟ್ ಪ್ರಾಂತದ ಬಂಜರು ನೆಲದಲ್ಲಿ ಎಂ. ಸಿ. ರೇನರ್ ಎಂಬ ವಿದುಷಿಯು ಪೈನ್ ಸಸಿಗಳಿಗೆ ಕಳಿತ ಗೊಬ್ಬರವನ್ನು ಕೊಟ್ಟು, ಅವುಗಳ ಬೇರಿನ ಶಿಲೀಂಧ್ರಗಳು ಚುರುಕುಗೊಳ್ಳುವುದನ್ನು ತೋರಿಸಿದ್ದರು. ಹೋವರ್ಡರು ಬೇರೆ ಬೇರೆ ದೇಶಗಳಿಂದ ಚಹ, ಕಬ್ಬು, ಹತ್ತಿ ಮೊದಲಾದ ಬೆಳೆಗಳ ಬೇರುಗಳನ್ನು ತರಿಸಿ ಪರೀಕ್ಷೆಮಾಡಿಸಿದರು. ಅವುಗಳಲ್ಲಿಯೂ ಶಿಲೀಂಧ್ರ ಕಂಡಿತು. ಇದರಿಂದ ಅವರು ತೆಗೆದ ತೀರ್ಮಾನವೆಂದರೆ, ಶಿಲೀಂಧ್ರವು ಮಣ್ಣಿನ ಹ್ಯೂಮಸ್ಸನ್ನು ಉಂಡು ಬೆಳೆಯುವುದು. ಬೇರು ಆ ಶಿಲೀಂಧ್ರವನ್ನೇ ಜೀರ್ಣಿಸಿಕೊಂಡು ಪುಷ್ಟವಾಗುವುದು. ಕೃತಕ ಗೊಬ್ಬರವು ಈ ಸೇತುವೆಯನ್ನು ಕಡಿದುಹಾಕುವುದು.

೩

ಈ ವಾದದಲ್ಲಿ ಎರಡು ಭಿನ್ನ ಕುಲಗಳು ಒಂದೇ ಹೆಸರಿನಡಿ ಸೇರಿಕೊಂಡಿವೆ. ‘ಮೈಕೊರೈಜಾ’ ಎಂಬ ಹೆಸರನ್ನು ೧೮೮೫ರಲ್ಲಿ ಜರ್ಮನಿಯ ಎ. ಬಿ. ಫ್ರಾಂಕ್ ಅವರು ಕಾಡುಮರಗಳ ಬೇರನ್ನು ನೋಡಿ ಇಟ್ಟರು. ಪೈನ್ ಮೊದಲಾದ ಮರಗಳ ಬೇರನ್ನು ಹೊರಗಿನಿಂದ ಕವಚದಂತೆ ಹೊದೆಯುವ ಈ ಶಿಲೀಂಧ್ರಗಳಲ್ಲಿ ಹಲವು ನೆಲದ ಮೇಲೆ ಅಣಬೆಯಾಗಿ ಏಳುವುವು. ಜೋಳ, ಹತ್ತಿ, ಕಡಲೆ, ಕಬ್ಬು, ಮೆಣಸಿನಕಾಯಿಗಳ ಬೇರಿನಲ್ಲಿರುವುದು ಬೇರೆಯೇ ಕುಲ. ಅದು ಬೇರಿನ ಕೋಶದ ಒಳಗೆ ಹೊಕ್ಕು, ಪುಟ್ಟ ಗಿಡದಂತೆ ಕವಲೊಡೆಯುವುದು. ಅದರ ಹೆಸರು ಅರ್ಬಸ್ಕುಲರ್ ಮೈಕೊರೈಜಾ. ಇದು ಎಂದೂ ಅಣಬೆಯಾಗಿ ತಲೆಯೆತ್ತುವುದಿಲ್ಲ. ಇಂಗ್ಲೆಂಡಿನಲ್ಲಿ ಬಾರ್ಬರಾ ಮಾಸ್, ಅಮೆರಿಕದಲ್ಲಿ ಗೆರ್ಡಮನ್ ಮೊದಲಾದವರು ೧೯೫೦ರ ದಶಕದಲ್ಲಿ ಇದರ ಬೀಜಾಣುಗಳನ್ನು ಮಣ್ಣಿನಿಂದ ಬೇರ್ಪಡಿಸಿ, ಗಿಡಗಳಿಗೆ ಅಂಟಿಸಿ, ಪರಿಣಾಮವನ್ನು ಅಳೆದ ಮೇಲೆಯೇ ನಿಜವಾದ ಪ್ರಯೋಗಶಾಸ್ತ್ರ ಆರಂಭವಾಯಿತು. ಹೋವರ್ಡರು ೧೯೪೭ರಲ್ಲಿಯೇ ನಿಧನರಾಗಿದ್ದರು.

ಇಂದು ತಿಳಿದಿರುವಂತೆ ಕೊಡುಕೊಳೆಯ ದಿಕ್ಕು ಹೋವರ್ಡರು ಭಾವಿಸಿದುದಕ್ಕೆ ತಿರುವುಮುರುವಾಗಿದೆ. ಈ ಶಿಲೀಂಧ್ರವು ಸತ್ತ ಹುಲ್ಲನ್ನು ತಿಂದು ಬದುಕಲಾರದು. ಜೀವಂತ ಬೇರಿಲ್ಲದೆ ಅದಕ್ಕೆ ಬಾಳುವೆಯಿಲ್ಲ. ಗಿಡವು ಬಿಸಿಲಿನಲ್ಲಿ ತಯಾರಿಸಿದ ಆಹಾರದಲ್ಲಿ ನೂರಕ್ಕೆ ೪ರಿಂದ ೨೦ರಷ್ಟನ್ನು ಅದಕ್ಕೆ ಕೊಡುವುದೆಂದು ಅಂದಾಜು. ಅದಕ್ಕೆ ಪ್ರತಿಯಾಗಿ ಶಿಲೀಂಧ್ರವು ತನ್ನ ಸೂಕ್ಷ್ಮವಾದ ಎಳೆಗಳನ್ನು ಬೇರು ಮುಟ್ಟದ ಮಣ್ಣಿಗೆ ಚಾಚಿ ರಂಜಕವನ್ನೂ ಸತುವನ್ನೂ ತಂದೊಪ್ಪಿಸುವುದು. ಬೇರು ಶಿಲೀಂಧ್ರವನ್ನು ಉಣ್ಣುವುದೆಂಬುದಕ್ಕಿಂತ ಇಬ್ಬರೂ ಕೊಟ್ಟು ಕೊಳ್ಳುವರೆಂಬುದು ಸರಿಯಾದ ವಿವರಣೆ. ಇದಕ್ಕೆ ವ್ಯತಿರಿಕ್ತವಾಗಿ, ನಾವು ಬೆಳೆದು ತಿನ್ನುವ ಚಿಪ್ಪಣಬೆ, ಗುಂಡಿ ಅಣಬೆಗಳು ಸತ್ತ ಹುಲ್ಲನ್ನು ಕೊಳೆಯಿಸಿ ಬದುಕುವ ಜಾತಿಗಳು. ಅಣಬೆಯ ಹಾಸಿನಲ್ಲಿ ಉಳಿದಿರುವ ಬಿಳಿಯ ಎಳೆಗಳು ಎಷ್ಟೇ ದಟ್ಟವಾಗಿರಲಿ, ಅವು ಜೋಳದ ಬೇರಿನೊಳಗಿನ ಸಹಜೀವಿಯಾಗಿ ಪರಿವರ್ತನೆ ಹೊಂದುವುದಿಲ್ಲ. ಪೈನಿನ ಸಾಕ್ಷ್ಯವನ್ನು ಹತ್ತಿಗೆ ಅನ್ವಯಿಸಿದುದು ಹೋವರ್ಡರ ಮೊದಲನೆಯ ತಪ್ಪು. ಅದೇ ತಪ್ಪು ಇಂದು ಅಣಬೆಯ ಹಾಸಿನ ಹೆಸರಿನಲ್ಲಿ ಮರುಕಳಿಸುತ್ತಿದೆ.

೪

ಇಲ್ಲಿ ಒಂದು ಸ್ವಂತ ಅನುಭವವನ್ನು ಹೇಳುವುದು ಅಪ್ರಸ್ತುತವಾಗಲಾರದು. ಕೆಲವು ವರ್ಷಗಳ ಹಿಂದೆ ನನ್ನ ದೊಡ್ಡಪ್ಪನವರು ಬೈಲಹೊಂಗಲದ ಸಮೀಪದ ತಮ್ಮ ಹೊಲದಲ್ಲಿ ಮೆಣಸಿನ ಸಸಿ ನಾಟಿಮಾಡುವಾಗ, ಮಾರಾಟಗಾರರೊಬ್ಬರ ಮಾತು ನಂಬಿ, ಒಂದು ಟ್ರೇಲರ್ ಗುಂಡಿ ಅಣಬೆಯ ಹಾಸನ್ನೂ ಬೇರಿನ ಶಿಲೀಂಧ್ರದ್ದೆಂದು ಹೇಳಲಾದ ಪುಡಿಯ ಚೀಲವನ್ನೂ ಕೊಂಡರು. ಹಾಸು ಇನ್ನೂ ಹಸಿಯಾಗಿತ್ತು. ಪುಡಿಯ ಚೀಲವು ಬೇಸಿಗೆಯಲ್ಲೆಲ್ಲ ತಗಡಿನ ಛಾವಣಿಯ ಕೆಳಗೆ ಕಾದಿತ್ತು. ವಾಡಿಕೆಯಂತೆ ಡಿಎಪಿ ಗೊಬ್ಬರವನ್ನೂ ಪೂರ್ತಿ ಹಾಕಿದರು. ಹಾಸು ದಪ್ಪವಾಗಿ ಬಿದ್ದ ಕಡೆ ಸಸಿಗಳ ಎಲೆತುದಿ ಒಣಗಿತು. ಉಳಿದ ಕಡೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ನಾನು ರಜೆಗೆ ಊರಿಗೆ ಹೋದಾಗ ಅವರು ಕೇಳಿದುದು ಒಂದೇ ಪ್ರಶ್ನೆ: “ತಮ್ಮಾ, ಇದು ಗೊಬ್ಬರೋ, ಬೀಜೋ? ಗೊಬ್ಬರ ಆದ್ರ ಗಾಡಿಗಟ್ಟಲೆ ಬೇಕು. ಬೀಜ ಆದ್ರ ಹಸಿ ನೋಡಿ ಬಿತ್ತಬೇಕು. ಎರಡೂ ಅಂದ್ರ ನಾ ಏನ ಮಾಡ್ಲಿ?”

ನನಗೆ ಆಗ ಉತ್ತರ ತಿಳಿದಿರಲಿಲ್ಲ. ಅನಂತರ ಓದಿ ನೋಡಿದಾಗ, ಹೋವರ್ಡರ ಗ್ರಂಥದ ಮೇಲೆ ಮಾಡಬಹುದಾದ ಮುಖ್ಯ ಆಕ್ಷೇಪವನ್ನು ದೊಡ್ಡಪ್ಪನವರು ಆ ಒಂದು ಪ್ರಶ್ನೆಯಲ್ಲಿ ಮಾಡಿ ಮುಗಿಸಿದ್ದರೆಂದು ಮನವರಿಕೆಯಾಯಿತು. ಅಣಬೆಯ ಹಾಸು ಗೊಬ್ಬರ. ಶಿಲೀಂಧ್ರದ ಬೀಜಾಣು ಬೀಜ. ಗೊಬ್ಬರವು ಬೀಜವಾಗದು, ಹೆಚ್ಚೆಂದರೆ ಬೀಜಕ್ಕೆ ಅನುಕೂಲವಾದ ನೆಲವನ್ನು ಹದಮಾಡಬಲ್ಲದು, ಇಲ್ಲವೆ ಕೆಡಿಸಬಲ್ಲದು. ಪುಡಿ ಜೀವಂತ ವಸ್ತುವಾದುದರಿಂದ ಬಿಸಿಗೆ ಸಾಯುವುದು. ಹೊರದೇಶಗಳಲ್ಲಿ ಈಚೆಗೆ ನಡೆದ ಪರೀಕ್ಷೆಗಳಲ್ಲಿ ಮಾರಾಟದ ಪುಡಿಗಳಲ್ಲಿ ಹಲವು ಬೇರಿನಲ್ಲಿ ನೆಲೆಯೂರದೆ ಹೋದುದು ಕಂಡುಬಂದಿದೆ. ಇನ್ನು ರಂಜಕವು ಗಿಡಕ್ಕೆ ಧಾರಾಳವಾಗಿ ಸಿಕ್ಕುವ ನೆಲದಲ್ಲಿ ಗಿಡವೇ ಶಿಲೀಂಧ್ರಕ್ಕೆ ಬಾಗಿಲು ಮುಚ್ಚುವುದು. ಅಂಗಳದಲ್ಲಿಯೇ ಬಾವಿ ಇರುವವನು ನೀರು ಹೊರುವವನಿಗೆ ಕೂಲಿ ಕೊಡನಷ್ಟೆ. ಡಿಎಪಿ ಪೂರ್ತಿ ಹಾಕಿದ ಮೇಲೆ ಪುಡಿ ಹಾಕಿದುದು ವ್ಯರ್ಥವಾಯಿತೆಂಬುದರಲ್ಲಿ ಆಶ್ಚರ್ಯವಿಲ್ಲ. ಈ ಒಂದು ಅಂಶದಲ್ಲಿ, ಕಾರಣವನ್ನು ತಪ್ಪಾಗಿ ಹೇಳಿದರೂ, ಕೃತಕ ಗೊಬ್ಬರದ ಬಗೆಗಿನ ಹೋವರ್ಡರ ಸಂಶಯ ಪೂರ್ತಿ ಆಧಾರವಿಲ್ಲದುದಲ್ಲ.

೫

ಅಣಬೆಯ ಹಾಸೆಂಬುದೂ ಒಂದೇ ಬಗೆಯ ವಸ್ತುವಲ್ಲ. ಗುಂಡಿ ಅಣಬೆಯ ಹಾಸು ಗೋಧಿಯ ಹುಲ್ಲು, ಕೋಳಿಗೊಬ್ಬರ, ಜಿಪ್ಸಮ್ ಮೊದಲಾದುವುಗಳಿಂದ ತಯಾರಾದುದು. ಅದರಲ್ಲಿ ಲವಣಗಳೂ ರಂಜಕವೂ ಹೆಚ್ಚು. ತಿಂಗಳುಗಟ್ಟಲೆ ಮಳೆಗಾಳಿಗೆ ಬಿಟ್ಟು ಲವಣ ತೊಳೆದುಹೋಗುವಂತೆ ಮಾಡದೆ ಅದನ್ನು ಎಳೆಯ ಸಸಿಗಳಿಗೆ ಕೊಡಬಾರದು. ಚಿಪ್ಪಣಬೆಯ ಹಾಸು ಬತ್ತದ ಹುಲ್ಲನ್ನೋ ಬೇರಾವುದಾದರೂ ಬೆಳೆಯ ಉಳಿಕೆಯನ್ನೋ ಬಿಸಿನೀರಿನಲ್ಲಿ ಹದಮಾಡಿದುದು. ಅದರಲ್ಲಿ ಲವಣ ಕಡಿಮೆ, ರಂಜಕವೂ ಕಡಿಮೆ. ಆದುದರಿಂದ ಬೇರಿನ ಶಿಲೀಂಧ್ರಕ್ಕೆ ಅದೇ ಹೆಚ್ಚು ಹಿತವಾಗಬಹುದು. ಆದರೆ ಪೂರ್ತಿ ಕಳಿಯದೆ ಮಣ್ಣಿಗೆ ಸೇರಿದರೆ ಅದು ಸ್ವಲ್ಪ ಕಾಲ ಮಣ್ಣಿನ ಸಾರಜನಕವನ್ನು ತಾನೇ ಹಿಡಿದಿಟ್ಟುಕೊಳ್ಳುವುದು. ಒಂದು ಕಿಲೋ ಅಣಬೆಗೆ ಸುಮಾರು ೫ ಕಿಲೋ ಹಾಸು ಉಳಿಯುವುದೆಂಬ ಲೆಕ್ಕ ರೂಢಿಯಲ್ಲಿದೆ; ಇದು ಸಣ್ಣ ಪ್ರಮಾಣವಲ್ಲ.

ಚಿಪ್ಪಣಬೆಯ ಕೃಷಿಗೆ ಭಾರತದಲ್ಲಿ ಬುನಾದಿ ಹಾಕಿದ ಕೆಲಸಗಳಲ್ಲಿ ಒಂದು ನಮ್ಮ ನಾಡಿನಲ್ಲಿಯೇ ನಡೆಯಿತೆಂಬುದು ಹೆಮ್ಮೆಯ ಸಂಗತಿ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಝಕಿಯಾ ಬಾನು ಮತ್ತು ಎಚ್. ಸಿ. ಶ್ರೀವಾಸ್ತವ ಅವರು ಬತ್ತದ ಹುಲ್ಲಿನ ಮೇಲೆ ಚಿಪ್ಪಣಬೆ ಬೆಳೆಯುವ ಕ್ರಮವನ್ನು ೧೯೬೨ರಲ್ಲಿ ಪ್ರಕಟಿಸಿದರು. ಬೇರಿನ ಶಿಲೀಂಧ್ರದ ಅಧ್ಯಯನದಲ್ಲಿಯೂ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಿ. ಜೆ. ಬಾಗ್ಯರಾಜ್ ಅವರು ನಡೆಸಿದ ಕಾರ್ಯ ಪ್ರಸಿದ್ಧವಾಗಿದೆ. ಹೀಗೆ ಎರಡು ಶಾಸ್ತ್ರಗಳೂ ಕನ್ನಡ ನಾಡಿನಲ್ಲಿ ಬೆಳೆದಿವೆ. ಕನ್ನಡದ ರೈತನ ಮುಂದೆ ಮಾತ್ರ ಅವೆರಡೂ ಗೊಂದಲವಾಗಿ ಬೆರೆತು ನಿಂತಿವೆ.

೬

ಇನ್ನು ಇತಿಹಾಸದ ಆಕ್ಷೇಪ. ಹೋವರ್ಡ್ ಮತ್ತು ವಾಡರ ಗ್ರಂಥದ ಹೆಸರಿನಲ್ಲಿಯೇ ಬೇಸಾಯದ ‘ತ್ಯಾಜ್ಯ’ವೆಂಬ ಕಲ್ಪನೆಯಿದೆ. ಯಾವುದು ತ್ಯಾಜ್ಯ? ಈ ಸೀಮೆಯಲ್ಲಿ ಪಡುವಣದ ಕಿತ್ತೂರಿನ ಕಡೆ ಮಳೆ ಹೆಚ್ಚು, ಬತ್ತವುಂಟು. ಮೂಡಣಕ್ಕೆ ಸವದತ್ತಿ, ರಾಮದುರ್ಗಗಳ ಕಡೆ ಹೋದಂತೆ ಮಳೆ ಕಡಿಮೆಯಾಗುತ್ತ ಹೋಗುವುದು. ಮೂಡಣದ ರೈತನಿಗೆ ಜೋಳದ ಕಣಿಕೆ ಎತ್ತಿನ ಮೇವು, ಕಡಲೆಯ ಹೊಟ್ಟು ಎಮ್ಮೆಯ ಮೇವು, ಹತ್ತಿಯ ಕಟ್ಟಿಗೆ ಒಲೆಯ ಉರುವಲು. ಇವುಗಳಲ್ಲಿ ಒಂದನ್ನಾದರೂ ತ್ಯಾಜ್ಯವೆಂದು ಕರೆಯುವವನು ಆ ಮನೆಯ ಹಿತ್ತಲನ್ನು ನೋಡಿದವನಲ್ಲ. ೧೮೭೬–೭೮ರ ಬರಗಾಲದಲ್ಲಿ ಬೆಳಗಾವಿ, ಧಾರವಾಡ, ಕಲಾದಗಿ ಜಿಲ್ಲೆಗಳು ಮೇವಿಲ್ಲದೆ ದನಗಳನ್ನು ಕಳೆದುಕೊಂಡುದನ್ನು ನೆನೆದರೆ, ಬಣವೆಯ ಕಣಿಕೆಗೆ ರೈತನು ಕಟ್ಟುವ ಬೆಲೆಯ ಅರ್ಥವಾಗುವುದು. ೧೮೮೯ರಿಂದ ೧೮೯೧ರ ವರೆಗೆ ಭಾರತವನ್ನು ಸಂಚರಿಸಿ ೧೮೯೩ರಲ್ಲಿ ವರದಿಯನ್ನು ಪ್ರಕಟಿಸಿದ ವೋಲ್ಕರ್ ಅವರು ಈ ಸೂಕ್ಷ್ಮವನ್ನು ಹೋವರ್ಡರಿಗಿಂತ ಮೊದಲೇ ಹಿಡಿದಿದ್ದರು. ರೈತನು ಸಗಣಿಯನ್ನು ಸುಡುವುದು ಅಜ್ಞಾನದಿಂದಲ್ಲ, ಕಟ್ಟಿಗೆಯ ಅಭಾವದಿಂದ. ಆದುದರಿಂದ ಉರುವಲು ಒದಗಿಸದೆ ಗೊಬ್ಬರದ ಉಪದೇಶ ಮಾಡುವುದು ನಿಷ್ಪ್ರಯೋಜಕವೆಂಬುದು ಅವರ ನಿಲುವು. ಒಂದು ವಸ್ತುವನ್ನು ತ್ಯಾಜ್ಯವೆಂದು ಹೆಸರಿಸುವ ಮೊದಲು ಅದು ಈಗ ಯಾವ ಕೆಲಸಮಾಡುತ್ತಿದೆಯೆಂದು ಕೇಳುವ ಈ ವಿವೇಕ ಇಂದಿಗೂ ಬೇಕಾಗಿದೆ.

ನಿಜವಾಗಿ ಹಾಳಾಗುವ ವಸ್ತು ಈ ಸೀಮೆಯಲ್ಲಿ ಇಲ್ಲವೆಂದಲ್ಲ. ಮಲಪ್ರಭೆಯ ನೀರಾವರಿ ಬಂದ ಕಡೆಗಳಲ್ಲಿಯೂ ಎಂ. ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ಸುತ್ತಲೂ ಕಬ್ಬು ಹಬ್ಬಿದೆ. ಕಬ್ಬು ಕಡಿದ ಮೇಲೆ ರವದಿಗೆ ಬೆಂಕಿಯಿಡುವುದನ್ನು ನಾವು ವರ್ಷವರ್ಷವೂ ನೋಡುತ್ತೇವೆ. ಅಣಬೆಗಾಗಲಿ ತಿಪ್ಪೆಗಾಗಲಿ ಮೊದಲು ಸಲ್ಲಬೇಕಾದುದು ಈ ರವದಿ, ಮತ್ತು ಕಿತ್ತೂರಿನ ಕಡೆ ಮೇವಿಗೆ ಮಿಕ್ಕುವ ಬತ್ತದ ಹುಲ್ಲು. ರಾಮದುರ್ಗದ ಕಣಿಕೆಯನ್ನು ಅಣಬೆಗೆ ಕೊಡೆಂದು ಹೇಳುವುದು ಎತ್ತಿನ ಬಾಯಿಂದ ಕಸಿದು ಕೊಟ್ಟಂತೆ.

ರೋಮಿನ ಪತನವನ್ನು ಮಣ್ಣಿನ ಸಾರ ಬತ್ತಿದುದಕ್ಕೆ ತಳುಕುಹಾಕುವ ಹೋವರ್ಡರ ಅಧ್ಯಾಯವನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಅಷ್ಟು ದೊಡ್ಡ ಕಟ್ಟಡವನ್ನು ಒಂದೇ ಕಂಬದ ಮೇಲೆ ನಿಲ್ಲಿಸಲಾಗದು. ಅದಕ್ಕಿಂತ ಗಂಭೀರವಾದುದು ಸಾಕ್ಷ್ಯದ ಬಗೆಗಿನ ಅವರ ಧೋರಣೆ. ಸಣ್ಣ ಮಡಿಗಳ ಪ್ರಯೋಗವನ್ನೂ ಅಂಕಿಅಂಶಗಳ ಲೆಕ್ಕವನ್ನೂ ಅವರು ಹಗುರವಾಗಿ ಕಂಡು, ತೋಟದ ಮಾಲೀಕರ ಪತ್ರಗಳನ್ನೂ ಬೇರಿನ ಮಾದರಿಗಳನ್ನೂ ಹೆಚ್ಚು ನೆಚ್ಚಿದರು. ಸವದತ್ತಿಯ ರಟ್ಟರ ಶಾಸನಗಳನ್ನು ಓದುವವರಿಗೆ ಈ ತೊಡಕು ಪರಿಚಿತ. ಶಾಸನದ ಪ್ರಶಸ್ತಿಯಲ್ಲಿ ಅರಸನು ದಿಕ್ಕುಗಳನ್ನೆಲ್ಲ ಗೆದ್ದಿರುವನು. ದಾನದ ಭಾಗದಲ್ಲಿ ಮಾತ್ರ ಹೊಲದ ಎಲ್ಲೆ, ಭೂಮಿಯ ಅಳತೆ, ತೆರಿಗೆಯ ಹೆಸರು ನಿಖರವಾಗಿ ಸಿಕ್ಕುವುವು. ಇತಿಹಾಸಕಾರನು ಪ್ರಶಸ್ತಿಯನ್ನು ಓದಿ ನಮಸ್ಕರಿಸಿ, ದಾನದ ಭಾಗವನ್ನು ನೆಚ್ಚುವನು. ಹೋವರ್ಡರ ಗ್ರಂಥವನ್ನೂ ಹಾಗೆಯೇ ಓದಬೇಕು. ಗೊಬ್ಬರದ ರಾಶಿಯ ವಿವರಗಳು ದಾನಶಾಸನದಂತೆ ಖಚಿತ. ಬೇರಿನ ಶಿಲೀಂಧ್ರದ ಅಧ್ಯಾಯ ಬಹುಮಟ್ಟಿಗೆ ಪ್ರಶಸ್ತಿ. ಶಿಲೀಂಧ್ರ ಬೇರಿನಲ್ಲಿ ಇದೆಯೆಂಬುದು ಒಂದು ಮಾತು. ಅದರಿಂದಲೇ ಬೆಳೆ ಹೆಚ್ಚಿತೆಂಬುದು ಇನ್ನೊಂದು. ಹಾಸು ಹಾಕದ ಮಡಿಯನ್ನು ಪಕ್ಕದಲ್ಲಿಟ್ಟು ಹೋಲಿಸದೆ ಎರಡನೆಯ ಮಾತನ್ನು ಹೇಳಲಾಗದು.

೭

ಹಾಗಾದರೆ ಹೋವರ್ಡರಲ್ಲಿ ಉಳಿಯುವುದೇನು? ಕೃಷಿಯ ಕ್ರಮವೇ ಮಣ್ಣಿನ ಜೀವವನ್ನು ಉಳಿಸುವುದು ಅಥವಾ ಅಳಿಸುವುದು ಎಂಬ ಅವರ ಮೂಲದೃಷ್ಟಿ ಉಳಿಯುವುದು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನ ಒಂದು ಪ್ರಸಂಗ ಇದಕ್ಕೆ ನಿದರ್ಶನ. ಅಲ್ಲಿಯ ನೆಲವೂ ನಮ್ಮದರಂತೆ ಬಿರುಕುಬಿಡುವ ಕರಿಯ ಜೇಡಿ. ತೇವವನ್ನು ಕೂಡಿಡಲೆಂದು ಹೊಲವನ್ನು ದೀರ್ಘಕಾಲ ಬೆಳೆಯಿಲ್ಲದೆ, ಕಳೆಯಿಲ್ಲದೆ ಬಿಟ್ಟರೆ ಮುಂದಿನ ಬೆಳೆ ಕುಂಠಿತವಾಗುತ್ತಿತ್ತು. ೧೯೮೭ರಲ್ಲಿ ಥಾಂಪ್ಸನ್ ಎಂಬ ವಿಜ್ಞಾನಿಯು ಇದರ ಕಾರಣವನ್ನು ತೋರಿಸಿದರು: ಜೀವಂತ ಬೇರಿಲ್ಲದ ಕಾಲದಲ್ಲಿ ಬೇರಿನ ಶಿಲೀಂಧ್ರಗಳು ಕ್ಷೀಣಿಸಿ, ಅನಂತರದ ಬೆಳೆಗೆ ರಂಜಕ, ಸತುವುಗಳು ದೊರೆಯದೆ ಹೋಗುತ್ತಿದ್ದುವು. ಮುಂಗಾರಿಯಲ್ಲಿ ನೆಲವನ್ನು ಖಾಲಿ ಬಿಟ್ಟು, ಮೇಲಿಂದ ಮೇಲೆ ಕುಂಟೆ ಹೊಡೆದು, ಹಿಂಗಾರಿಯಲ್ಲಿ ಜೋಳ, ಕಡಲೆಗಳನ್ನು ಬಿತ್ತುವ ನಮ್ಮ ಎರೆಹೊಲಗಳಿಗೆ ಈ ಪಾಠ ನೇರವಾಗಿ ಸಂಬಂಧಿಸಿದೆ. ತೇವದ ಆಸೆಯೂ ಶಿಲೀಂಧ್ರದ ಹಿತವೂ ಇಲ್ಲಿ ಎದುರುಬದುರು ನಿಲ್ಲುವುವು. ಯಾವುದನ್ನು ಎಷ್ಟು ಬಿಡಬೇಕೆಂಬುದು ಮಳೆಯನ್ನು ಅವಲಂಬಿಸಿದ ಕಷ್ಟದ ಲೆಕ್ಕ. ಅಕ್ಕಡಿ ಸಾಲಿನ ಮಿಶ್ರಬೆಳೆಯಾಗಲಿ ಮುಂಗಾರಿಯ ಹೆಸರು ಬೆಳೆಯಾಗಲಿ ನೆಲದಲ್ಲಿ ಜೀವಂತ ಬೇರನ್ನು ಹೆಚ್ಚು ಕಾಲ ಉಳಿಸುವುದರಿಂದ ಪುಡಿಯ ಚೀಲಕ್ಕಿಂತ ಹೆಚ್ಚಿನ ಉಪಕಾರ ಮಾಡೀತೆಂದು ನಿರೀಕ್ಷಿಸಲು ಅವಕಾಶವುಂಟು. ಸಾಸಿವೆ, ಕೋಸುಗಳ ಬೇರಿನಲ್ಲಿ ಈ ಶಿಲೀಂಧ್ರ ನೆಲೆಸುವುದಿಲ್ಲವೆಂಬುದನ್ನೂ ಬೆಳೆಯ ಸರದಿಯಲ್ಲಿ ಗಮನಿಸಬೇಕು.

ಅಣಬೆಯ ಹಾಸಿಗೂ ಇಲ್ಲಿ ಒಂದು ಯೋಗ್ಯವಾದ ಸ್ಥಾನವಿದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಡೌಡ್ಸ್ ಮತ್ತು ಅವರ ಸಂಗಡಿಗರು ಕಳಿತ ಗೊಬ್ಬರವನ್ನು ವರ್ಮಿಕ್ಯುಲೈಟ್ ಎಂಬ ಸಾರವಿಲ್ಲದ ಖನಿಜದೊಂದಿಗೆ ತೆಳುಮಾಡಿ, ಅದರಲ್ಲಿ ಶಿಲೀಂಧ್ರ ಅಂಟಿಸಿದ ಹುಲ್ಲಿನ ಗಿಡಗಳನ್ನು ಬೆಳೆಸಿ, ರೈತನೇ ತನ್ನ ಹೊಲದಲ್ಲಿ ಶಿಲೀಂಧ್ರದ ಬೀಜವನ್ನು ತಯಾರಿಸುವ ಕ್ರಮವನ್ನು ರೂಪಿಸಿದರು. ಗೊಬ್ಬರವನ್ನು ತೆಳುಮಾಡಬೇಕಾದುದೇ ಇಲ್ಲಿಯ ಮರ್ಮ; ಸಾರ ಹೆಚ್ಚಾದರೆ ಶಿಲೀಂಧ್ರ ಹಿಂಜರಿಯುವುದು. ನಮ್ಮಲ್ಲಿ ಹುಲ್ಲಿನ ಬದಲು ಜೋಳವನ್ನೇ ಬಳಸಬಹುದು. ಅದು ಈ ಶಿಲೀಂಧ್ರಕ್ಕೆ ಒಳ್ಳೆಯ ಆಶ್ರಯ. ಚೆನ್ನಾಗಿ ಕಳಿತ ಚಿಪ್ಪಣಬೆಯ ಹಾಸನ್ನು ಬಡ ಮಣ್ಣು, ಮರಳಿನೊಂದಿಗೆ ಬೆರೆಸಿ, ನಂಬಿಕೆಯ ಮೂಲದಿಂದ ತಂದ ಸ್ವಲ್ಪ ಶಿಲೀಂಧ್ರವನ್ನು ಜೋಳದ ಬೇರಿಗೆ ತಾಗಿಸಿ, ಬೆಳೆ ಬಲಿತ ಮೇಲೆ ಆ ಬೇರು ಮತ್ತು ಮಣ್ಣನ್ನು ಮೆಣಸಿನ ಸಸಿಮಡಿಗೆ ಸೇರಿಸಿದರೆ ಹೇಗಾದೀತು? ಬೈಲಹೊಂಗಲ ತಾಲ್ಲೂಕಿನ ಮತ್ತಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾನಿಲಯವಿದೆ. ಹಾಸು ಹಾಕಿದ ಮಡಿ, ಹಾಕದ ಮಡಿ, ರಂಜಕ ಕಡಿಮೆ ಮಾಡಿದ ಮಡಿ, ಮಾಡದ ಮಡಿ, ಹೀಗೆ ನಾಲ್ಕು ಬಗೆಯ ಮಡಿಗಳನ್ನು ಎರೆಯಲ್ಲಿಯೂ ಮಸಾರಿಯಲ್ಲಿಯೂ ಎರಡು ಮೂರು ವರ್ಷ ನಡೆಸಿ ನೋಡುವುದು ಅಸಾಧ್ಯವಾದ ಕೆಲಸವಲ್ಲ.

ಹೋವರ್ಡರ ಗ್ರಂಥವನ್ನು ನಮ್ಮ ವಿದ್ಯಾರ್ಥಿಗಳು ಓದಬೇಕು. ಗುರುವಾಕ್ಯವೆಂದು ಓದದೆ ಒಂದು ಆಕರವೆಂದು ಓದಬೇಕು. ರೈತನಿಂದ ಕಲಿತೆನೆಂದು ಅವರು ಹೇಳಿದರು. ಆ ಮಾತನ್ನು ನಾವು ನಿಜವಾಗಿ ನಂಬುವುದಾದರೆ, ರೈತನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಅವನಿಗೆ ಚೀಲವನ್ನು ಮಾರಬಾರದು. ಕಳೆದ ಬೇಸಿಗೆಯಲ್ಲಿ ನಾನು ದೊಡ್ಡಪ್ಪನವರಿಗೆ ಹೇಳಿದೆ: ಹಾಸು ಗೊಬ್ಬರ, ಅದನ್ನು ತಿಪ್ಪೆಯಲ್ಲಿ ಒಂದು ಮಳೆಗಾಲ ಕಳಿಯಲು ಬಿಡಬೇಕು, ಪುಡಿ ಬೀಜ, ಅದನ್ನು ನೆರಳಿನಲ್ಲಿಟ್ಟು ಹಸಿ ನೋಡಿ ಹಾಕಬೇಕು, ಡಿಎಪಿಯನ್ನು ಮಣ್ಣು ಪರೀಕ್ಷೆ ಮಾಡಿಸಿದ ಮೇಲೆ ಕಡಿಮೆ ಮಾಡಬೇಕು. ಅವರು ಕೇಳಿ, ನಾಲ್ಕು ಸಾಲುಗಳನ್ನು ಮಾತ್ರ ಹಾಗೆ ಮಾಡಿ ಉಳಿದುದನ್ನು ಎಂದಿನಂತೆ ಬಿಡುವೆನೆಂದರು. ಹೋವರ್ಡರ ಗ್ರಂಥದಲ್ಲಿ ನನಗೆ ಸಿಕ್ಕದ ಹೋಲಿಕೆಯ ಮಡಿಯನ್ನು ಅವರು ತಾವಾಗಿಯೇ ಹಾಕಿಕೊಂಡಿದ್ದರು.